ಕಳ್ಳಿಯ ಬೆನ್ನು

ಕಳ್ಳಿಗೆ ಬೆನ್ನು ಯಾವುದು, ಹೊಟ್ಟೆ ಯಾವುದು ಅಂತ ತಿಳಿಯದವನು ಅದರ ಹತ್ತಿರ ಸುಳಿಯಲೇಬಾರದು ಎಂಬುದು ಲಿಬ್ರಾದೊ ಬ್ರಾಕಮೊಂತೆಯ ಹಟ. ದಕ್ಷಿಣಕ್ಕಿರುವ ಮೈ ಬೆನ್ನು. ಹುಟ್ಟಿದಂದಿನಿಂದ ಬಿಸಿಲು ತಿಂದು ತಿಂದು ಅದರ ಚರ್ಮ ಗಡುಸಾಗಿರುತ್ತದೆ. ಉತ್ತರದ್ದು ಹೊಟ್ಟೆ, ನೆರಳಲ್ಲೇ ಬೆಳೆದ ಎಳೆ ಚರ್ಮ. ಸಗ್ವಾರೊ ಕಳ್ಳಿಯನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ನೆಡುವಾಗ ಬೆನ್ನು ಮತ್ತೆ ದಕ್ಷಿಣಕ್ಕೇ ಬರಬೇಕು. ಹೆಚ್ಚುಕಮ್ಮಿಯಾದರೆ ಹೊಟ್ಟೆ ಸುಡುತ್ತದೆ. ಸುಟ್ಟದ್ದು ಅವತ್ತೇ ಕಾಣುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಮೈತುಂಬ ನೀರು ಕೂಡಿಟ್ಟುಕೊಂಡ ಗಿಡ ಅದು. ತನ್ನ ನೀರನ್ನು ತಾನೇ ಕುಡಿಯುತ್ತ ಐದಾರು ವರ್ಷ ಹಸಿರಾಗಿಯೇ ನಿಂತಿರುತ್ತದೆ, ಹೂವನ್ನೂ ಬಿಡುತ್ತದೆ. ನೆಟ್ಟವನು ತನ್ನ ದಾರಿ ಹಿಡಿದು, ಮನೆ ಕೊಂಡವನು ಮನೆ ಮಾರಿ, ಎಲ್ಲರೂ ಮರೆತ ಮೇಲೆ ಒಂದು ದಿನ ಬೀಳುತ್ತದೆ.

ಅದಕ್ಕೇ ಅಗೆಯುವ ಮೊದಲು ದಕ್ಷಿಣದ ಮುಳ್ಳಿಗೆ ಒಂದು ಗೇಣು ಕೆಂಪು ರಿಬ್ಬನ್ ಕಟ್ಟುವುದು. ಆ ರಿಬ್ಬನ್ನನ್ನು ಸುರುಳಿಯಿಂದ ಬಿಚ್ಚಿ, ಗೇಣಳತೆಗೆ ಕತ್ತರಿಸಿ, ನೂರರ ಕಟ್ಟು ಮಾಡಿ ಕೊಡುವವಳು ಅವನ ಹೆಂಡತಿ ಎರ್ಮಿನಿಯಾ. ಮೂವತ್ತು ವರ್ಷದಿಂದ, ಕಾಳು ಆರಿಸುವ ಅದೇ ಮೇಜಿನ ಮೇಲೆ.

ಲಿಬ್ರಾದೊನ ಹಟ ಊರಿಗೇ ಗೊತ್ತು. ಒಮ್ಮೆ ಒಬ್ಬ ಬಿಲ್ಡರ್, ಬಡಾವಣೆಯ ಹೆಬ್ಬಾಗಿಲ ಸಗ್ವಾರೊದ ತೋಳುಗಳು ರಸ್ತೆಗೆ ಚೆನ್ನಾಗಿ ಕಾಣಬೇಕು, ಸ್ವಲ್ಪ ತಿರುಗಿಸಿ ನೆಡು ಅಂದ. ಇವನು ಆಗುವುದಿಲ್ಲ ಅಂದ. ದುಡ್ಡು ಕೊಡುವವನು ನಾನು ಅಂತ ಅವನು ಗದರಿದ. ಇವನು ಕಳ್ಳಿಯನ್ನು ಲಾರಿಯ ಮೇಲಿನ ಕಬ್ಬಿಣದ ತೊಟ್ಟಿಲಲ್ಲಿ ಮಲಗಿಸಿದ್ದ ಹಾಗೆಯೇ ವಾಪಸು ತಂದುಬಿಟ್ಟ. ಆಮೇಲೆ ಮೂರು ತಿಂಗಳು ಕೈಯಲ್ಲಿ ಕೆಲಸವಿರಲಿಲ್ಲ. ಕಳ್ಳಿ ಎತ್ತುವ ಯಂತ್ರ ನಡೆಸುವ ಚೆಮ ಈ ಕತೆಯನ್ನು ಹೋದಲ್ಲೆಲ್ಲ ಹೇಳುತ್ತಿದ್ದ, ಅರ್ಧ ಹೆಮ್ಮೆಯಿಂದ, ಅರ್ಧ ಆ ಮೂರು ತಿಂಗಳ ಸಿಟ್ಟಿನಿಂದ. ಲಿಬ್ರಾದೊನ ಮಗಳು ಯೆಸೆನಿಯಾಳ ದೀಕ್ಷಾಸ್ನಾನದಲ್ಲಿ ಧರ್ಮತಂದೆಯಾಗಿ ಅವಳನ್ನು ಎತ್ತಿಕೊಂಡು ನಿಂತವನು ಅವನೇ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಅಂತಲೇ ಕರೆಯುವುದು.

ಅವರಿರುವ ಮರುಭೂಮಿಯ ಊರು ಟೂಸಾನ್‌ಗೆ ನಾಲ್ಕೂ ಕಡೆ ಬೆಟ್ಟ. ಬೆಟ್ಟ ಸರ್ಕಾರದ್ದು, ಅಲ್ಲಿ ಯಾರೂ ಮನೆ ಕಟ್ಟುವಂತಿಲ್ಲ. ವಾಯವ್ಯದಲ್ಲಿ ಮಾತ್ರ ಎರಡು ಬೆಟ್ಟದ ನಡುವೆ ಒಂದು ಅಗಲವಾದ ಸಂದಿಯಿದೆ, ಊರು ಆ ಸಂದಿಯಲ್ಲಿ ನುಗ್ಗಿತು. ಚಳಿಗೆ ಹೆದರಿ ಬಂದವರು, ಕೆಲಸ ಮುಗಿಸಿ ನಿವೃತ್ತರಾದವರು, ಸಾಲ ಸುಲಭವಾಗಿ ಸಿಕ್ಕಿತೆಂದು ಕುಣಿದವರು, ಎಲ್ಲರಿಗೂ ಬೆಟ್ಟ ಕಾಣುವ ಮನೆಯೇ ಬೇಕು. ಒಂದೇ ಬಣ್ಣದ ಗೋಡೆ, ಒಂದೇ ಬಣ್ಣದ ಹೆಂಚು, ಸಾಲುಸಾಲು. ಒಂದೊಂದು ಬಡಾವಣೆ ಏಳುವಾಗಲೂ ಲಿಬ್ರಾದೊ ಮೊದಲು ಹೋಗಿ ಸಗ್ವಾರೊಗಳನ್ನು ಎತ್ತಿ ಬದಿಗಿಡಬೇಕು, ಮನೆಗಳಾದ ಮೇಲೆ ಕೆಲವನ್ನು ವಾಪಸು ತಂದು ನೆಡಬೇಕು. ಅವನ ಅನ್ನ ಅದೇ. ಇದರ ಬಗ್ಗೆ ಅವನಿಗೆ ಕಸಿವಿಸಿ ಇರಲಿಲ್ಲ ಅಂತೇನಿಲ್ಲ. ಆದರೆ ನಾನು ಎತ್ತದಿದ್ದರೆ ಬುಲ್ಡೋಜರ್ ಎತ್ತುತ್ತದೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ, ಅದು ಸುಳ್ಳೂ ಅಲ್ಲ.

ಯೆಸೆನಿಯಾ ಬೆಳೆದು ಅಂಥದೇ ಒಂದು ಬಡಾವಣೆಯಲ್ಲಿ ಕೊಳ್ಳಲು ಬಂದವರಿಗೆ ಮಾದರಿ ಮನೆ ತೋರಿಸುವ ಕೆಲಸಕ್ಕೆ ಸೇರಿದಳು. ಇಪ್ಪತ್ತೆರಡು ವರ್ಷ, ಬಾಯಿ ಎರಡು ಮೊಳ. ಬೀದಿಗಳ ಹೆಸರು ಓದಿ ಓದಿ ನಗುತ್ತಿದ್ದಳು.

"ಲಾವಕ್ಕಿ ಬೀದಿ, ನರಿ ತಿರುವು, ಜಿಂಕೆ ಅಂಗಳ. ಯಾರ್ಯಾರನ್ನ ಓಡ್ಸಿದೀವಿ ಅಂತ ಬೋರ್ಡ್ ಹಾಕ್ಬಿಟ್ಟಿದಾರೆ ಅಪ್ಪಾ. ಮುಂದೆ ಬ್ರಾಕಮೊಂತೆ ಬೀದಿ ಅಂತಾನೂ ಇಡ್ತಾರೆ, ನೋಡ್ತಿರು."

"ಅವ್ರ ಸಂಬಳ ತಗೊಂಡು ಅವ್ರನ್ನೇ ಆಡ್ಕೊಳ್ತೀಯಲ್ಲೇ."

"ನೀನು ಕಳ್ಳಿ ಕೀಳ್ತೀಯ, ನಾನು ಮನೆ ತೋರಿಸ್ತೀನಿ. ಇಬ್ರೂ ಒಂದೇ ದೋಣಿ. ನಿಂಗೆ ಮಾತ್ರ ಮಡಿ, ದಕ್ಷಿಣ ದಕ್ಷಿಣ ಅಂತ."

2002ರ ಅಕ್ಟೋಬರಿನ ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಳು. ಆ ಸಂದಿಗೆ ಹೋಗಲು ಇದ್ದದ್ದು ಒಂದೇ ಹಳೆಯ ರಸ್ತೆ, ದನ ಕಾಯುವವರ ಕಾಲದ್ದು, ಎರಡು ಗಾಡಿ ಎದುರಾದರೆ ಒಂದು ಬದಿಗೆ ಇಳಿಯಬೇಕಾದಷ್ಟು ಕಿರಿದು. ಎದುರಿನಿಂದ ಜಲ್ಲಿ ಲಾರಿ ಬಂತು. ಅವಳು ಬದಿಗೆ ಸರಿದಳು. ಕಾರು ರಸ್ತೆಯಂಚಿನ ಒಂದು ಸಗ್ವಾರೊದ ಮೈ ತರಚಿಕೊಂಡು ಹೋಗಿ ಒಣಹಳ್ಳಕ್ಕೆ ಮಗುಚಿತು. ಆ ಜಲ್ಲಿ ಹೋಗುತ್ತಿದ್ದದ್ದು ಯಾವ ಬಡಾವಣೆಗೆ ಅಂತ ಲಿಬ್ರಾದೊ ಕೇಳಿ ತಿಳಿದುಕೊಂಡ. ಎರಡು ತಿಂಗಳ ಹಿಂದೆ ಅಲ್ಲಿಯ ಕಳ್ಳಿಗಳನ್ನು ಎತ್ತಿ ನೆಲ ಬರಿದು ಮಾಡಿಕೊಟ್ಟವನು ಅವನೇ. ಇದನ್ನು ಅವನು ಯಾರಿಗೂ ಹೇಳಲಿಲ್ಲ.

ಮಣ್ಣು ಮಾಡಿದ್ದು ಊರ ಸ್ಮಶಾನದಲ್ಲಿ. ಆದರೆ ಎರ್ಮಿನಿಯಾ ಅಲ್ಲಿಗೆ ಹೋಗುತ್ತಿದ್ದದ್ದು ಕಮ್ಮಿ. ಉಸಿರು ಹೋದ ಜಾಗದಲ್ಲಿ ಶಿಲುಬೆ ನೆಡುವುದು ಈ ಜನರ ಪದ್ಧತಿ. ಲಿಬ್ರಾದೊ ಜಾಲಿಮರದಲ್ಲಿ ಒಂದು ಶಿಲುಬೆ ಮಾಡಿ, ಬಿಳಿ ಬಣ್ಣ ಹೊಡೆದು, ಆ ಸಗ್ವಾರೊದ ಬುಡದಲ್ಲಿ ನೆಟ್ಟ. ಪ್ರತಿ ಭಾನುವಾರ ಪೂಜೆ ಮುಗಿಸಿ ಎರ್ಮಿನಿಯಾ ಅಲ್ಲಿಗೆ ಹೋಗಿ ಮೇಣದಬತ್ತಿ ಹಚ್ಚುತ್ತಿದ್ದಳು. ಹುಟ್ಟುಹಬ್ಬಕ್ಕೆ ಮಗಳಿಗೆ ಇಷ್ಟವಾದ ಕಿತ್ತಳೆ ಸೋಡಾ ಒಂದು ಬಾಟಲು. ಆತ್ಮ ದೇವರ ಹತ್ತಿರ ಇದೆಯಮ್ಮ, ರಸ್ತೆ ಬದಿಯಲ್ಲಿ ಯಾಕೆ ಹುಡುಕುತ್ತೀಯ ಅಂತ ಪಾದ್ರಿ ಒಮ್ಮೆ ಮೆತ್ತಗೆ ಕೇಳಿದರು.

"ಅವಳು ಹೊರಟಿದ್ದು ಅಲ್ಲಿಂದ ಪಾದ್ರಿಗಳೇ. ಹೊರಟ ಜಾಗದಲ್ಲಿ ನಿಂತ್ಕೊಂಡ್ರೆ ಕೂಗಿದ್ದು ಕೇಳ್ಸುತ್ತೆ," ಅಂದಳು ಅವಳು.

ಕಾರು ತರಚಿದ ಜಾಗದಲ್ಲಿ ಸಗ್ವಾರೊ ನಿಧಾನವಾಗಿ ದಡ್ಡು ಕಟ್ಟಿಕೊಂಡಿತು. ಎರಡು ಅಂಗೈ ಅಗಲದ ಕಂದು ದಡ್ಡು, ಮರದಷ್ಟು ಗಟ್ಟಿ. ರಸ್ತೆ ಉತ್ತರಕ್ಕಿದ್ದದ್ದರಿಂದ ಗಾಯ ಕಳ್ಳಿಯ ಹೊಟ್ಟೆಯ ಮೇಲಿತ್ತು. ಎರ್ಮಿನಿಯಾ ಯಾವಾಗಲೂ ಅದಕ್ಕೆ ಬೆನ್ನು ಮಾಡಿ, ಆಚೆ ಬದಿಯಲ್ಲಿ ಕೂರುತ್ತಿದ್ದಳು.

ಮಗಳು ಹೋದ ಮೇಲೆ ಅವಳು ಅತ್ತಳು, ಅಡುಗೆ ಮಾಡಿದಳು, ಬಟ್ಟೆ ಒಗೆದಳು, ರಿಬ್ಬನ್ನೂ ಕತ್ತರಿಸಿದಳು. ಬೇಕು ಅನ್ನುವ ಮಾತು ಮಾತ್ರ ಅವಳ ಬಾಯಿಂದ ಹೊರಟೇಹೋಯಿತು. ಸಕ್ಕರೆ ಮುಗಿದರೆ ಹೇಳುವುದಿಲ್ಲ, ಸಪ್ಪೆ ಕಾಫಿಯನ್ನೇ ಕುಡಿಯುತ್ತಾಳೆ. ಚಪ್ಪಲಿ ಹರಿದರೆ ಹಗ್ಗ ಕಟ್ಟಿಕೊಳ್ಳುತ್ತಾಳೆ. ಹಬ್ಬಕ್ಕೆ ಏನು ತರಲಿ ಅಂದರೆ ನಿನ್ನಿಷ್ಟ ಅನ್ನುತ್ತಾಳೆ. ಮೊದಲು ಒಂದು ಪರದೆ ಬಟ್ಟೆಗೆ ಮೂರು ಅಂಗಡಿ ಸುತ್ತಿಸಿ ಅವನ ಜೀವ ತಿನ್ನುತ್ತಿದ್ದವಳು. ಲಿಬ್ರಾದೊಗೆ ಆ ಕಾಟವೇ ಬೇಕೆನಿಸುತ್ತಿತ್ತು. ನಾಲ್ಕು ವರ್ಷ ಹೀಗೇ ಹೋಯಿತು.

2007ರ ಫೆಬ್ರವರಿಯಲ್ಲಿ ಶಿಲುಬೆಗೆ ಯಾರೋ ಒಂದು ಕಾಗದ ಕಟ್ಟಿ ಹೋಗಿದ್ದರು. ರಸ್ತೆಯನ್ನು ನಾಲ್ಕು ಪಥ ಮಾಡುತ್ತೇವೆ, ಮುಂದೆ ಏಳು ಸಾವಿರ ಮನೆ ಬರಲಿವೆ, ಮೂವತ್ತು ದಿನದಲ್ಲಿ ಇದನ್ನು ತೆಗೆಯತಕ್ಕದ್ದು. ರಸ್ತೆಗುಂಟ ಕಳ್ಳಿ ಎತ್ತುವ ಗುತ್ತಿಗೆ ಲಿಬ್ರಾದೊನಿಗೇ ಸಿಕ್ಕಿತ್ತು. ಅವನು ಪಟ್ಟಿ ಬಿಡಿಸಿ ಆ ಗಿಡದ ನಂಬರು ಹುಡುಕಿದ. ಇನ್ನೂರ ಹನ್ನೆರಡು: ಗಾಯಗೊಂಡಿದೆ, ಉಳಿಸಲು ಯೋಗ್ಯವಲ್ಲ.

ಸಂಜೆ ಊಟಕ್ಕೆ ಕೂತಾಗ ಹೇಳಿದ. ಎರ್ಮಿನಿಯಾ ಕಾವಲಿಯ ಮೇಲಿದ್ದ ರೊಟ್ಟಿ ಮಗುಚುವುದನ್ನು ಮರೆತಳು.

"ಮನೆಗೆ ತರೋಣ," ಅಂದಳು.

"ಶಿಲುಬೇನಾ?"

"ಶಿಲುಬೆ, ಗಿಡ, ಮಣ್ಣು. ಎಲ್ಲಾನೂ. ನಂಗೆ ಬೇಕು ಮುದುಕಾ."

ಅವನಿಗೆ ಮೂವತ್ತು ವರ್ಷವಿದ್ದಾಗಿನಿಂದಲೂ ಅವಳು ಅವನನ್ನು ಕರೆಯುತ್ತಿದ್ದದ್ದು ಮುದುಕಾ ಅಂತಲೇ, ಅವನು ಅವಳನ್ನು ಮುದುಕಿ ಅಂತ. ಆದರೆ ಬೇಕು ಅಂದದ್ದನ್ನು ಅವನು ನಾಲ್ಕು ವರ್ಷದ ಮೇಲೆ ಕೇಳಿದ. ಎರಡು ವಾರ ಕಚೇರಿಗೆ ಅಲೆದು, ಸರ್ಕಾರದ ಚೀಟಿ ಪಡೆದು, ಆ ಗಿಡವನ್ನು ತನ್ನ ಹೆಸರಿಗೆ ಬರೆಸಿಕೊಂಡ.

ಅಗೆಯುವ ದಿನ ಎರ್ಮಿನಿಯಾ ತಾನೂ ಬಂದಳು. ಹಂದಿಕೊಬ್ಬಿನ ಹಳೆಯ ಡಬ್ಬವೊಂದನ್ನು ತೊಳೆದು ತಂದಿದ್ದಳು. ಶಿಲುಬೆ ಕಿತ್ತ ಕುಳಿಯಿಂದ ಕೈಯಲ್ಲೇ ಮಣ್ಣು ತುಂಬಿಕೊಂಡಳು. ಲಿಬ್ರಾದೊ ದಕ್ಷಿಣದ ಮುಳ್ಳಿಗೆ ರಿಬ್ಬನ್ ಕಟ್ಟಿದ, ಸುತ್ತ ಕಾಲುವೆ ತೋಡಿದ, ಬೇರು ಕತ್ತರಿಸಿ ಗಂಧಕದ ಪುಡಿ ಹಚ್ಚಿದ. ಹಳೆಯ ಜಮಖಾನೆ ಹಾಸಿದ ತೊಟ್ಟಿಲನ್ನು ಚೆಮ ಗಿಡಕ್ಕೆ ಒರಗಿಸಿದ. ಹದಿನಾಲ್ಕು ಅಡಿಯ ಗಿಡ, ಮೊಣಕೈ ಉದ್ದದ ಒಂದೇ ಒಂದು ತೋಳು. ಅದು ನೆಲ ಬಿಡುವಾಗ ಲಿಬ್ರಾದೊ ಸಾವಿರ ಸಲ ಕೇಳಿದ ಸದ್ದೇ ಬಂತು, ಆದರೂ ಅವನು ಆಚೆ ನೋಡಿದ.

"ಮೆತ್ತಗೆ ಕೊಂಪಾದ್ರೆ."

"ಇದಕ್ಕಿಂತ ಮೆತ್ತಗೆ ಅಂದ್ರೆ ನಾನೇ ಹೊತ್ಕೊಂಡು ಬರ್ಬೇಕು," ಅಂದ ಚೆಮ. ಅವನ ಕಣ್ಣೂ ಒದ್ದೆಯಾಗಿತ್ತು.

ಅವರ ಮನೆ ಊರ ದಕ್ಷಿಣದ ಹಳೇ ಕೇರಿಯಲ್ಲಿ. ಹಿತ್ತಲು ಮನೆಯ ದಕ್ಷಿಣಕ್ಕೆ, ಅದರಾಚೆ ಒಂದು ಗಲ್ಲಿ. ಅಡುಗೆಮನೆಯ ಕಿಟಕಿ ಹಿತ್ತಲಿಗೇ ತೆರೆಯುತ್ತದೆ. ಗುಂಡಿ ತೋಡಿಟ್ಟಿತ್ತು. ಗಲ್ಲಿಯಲ್ಲಿ ನಿಂತ ಯಂತ್ರ ಕಳ್ಳಿಯನ್ನು ಗೋಡೆಯ ಮೇಲಿಂದ ಎತ್ತಿ ಗುಂಡಿಯ ಮೇಲೆ ತೂಗಿ ಹಿಡಿಯಿತು. ರಿಬ್ಬನ್ ಗಲ್ಲಿಯ ಕಡೆಗೆ, ಅಂದರೆ ದಕ್ಷಿಣಕ್ಕೆ. ಎಲ್ಲ ಸರಿಯಾಗಿತ್ತು. ಗಾಯ ನೇರವಾಗಿ ಅಡುಗೆಮನೆಯ ಕಿಟಕಿಯನ್ನು ನೋಡುತ್ತಿತ್ತು.

ಅದನ್ನು ಲಿಬ್ರಾದೊ ಮುಂಚೆ ಯೋಚಿಸಿರಲಿಲ್ಲ. ಮೂವತ್ತು ವರ್ಷ ಕಳ್ಳಿಯ ಬೆನ್ನನ್ನೇ ಲೆಕ್ಕ ಹಾಕಿದವನಿಗೆ ಹೊಟ್ಟೆ ಎತ್ತ ನೋಡುತ್ತದೆ ಅನ್ನುವುದು ಹೊಳೆದಿರಲಿಲ್ಲ.

ಎರ್ಮಿನಿಯಾ ಕಿಟಕಿಯಲ್ಲಿದ್ದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ತಿರುಗಿಸು," ಅಂದಳು.

"ಏನು?"

"ಆ ಗಾಯ ಆ ಕಡೆ ಹೋಗ್ಲಿ. ದಿನಾ ಒಲೆ ಮುಂದೆ ನಿಂತಾಗ ಅದು ನನ್ನ ನೋಡ್ತಿರುತ್ತೆ. ನಂಗಾಗಲ್ಲ."

ಚೆಮ ಯಂತ್ರ ನಿಲ್ಲಿಸಿದ. "ಕೊಂಪಾದ್ರೆ, ರಿಬ್ಬನ್ನು..." ಅಂದ.

ಲಿಬ್ರಾದೊ ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ಕೀಳದೆ ಅವನನ್ನೇ ನೋಡುತ್ತ, ಏನನ್ನೋ ಕಾಯುತ್ತ ನಿಂತಿದ್ದಳು. ಬೇಡಿಕೊಳ್ಳುತ್ತಿದ್ದಾಳೆ ಅಂತ ಅವನಿಗನ್ನಿಸಿತು. ಬಿಲ್ಡರನಿಗೆ ಹೇಳಿದ ಆ ಒಂದು ಪದ ನಾಲಿಗೆಯ ತುದಿಯಲ್ಲೇ ಇತ್ತು. ನಾಲ್ಕು ವರ್ಷದ ಮೇಲೆ ಬಾಯಿಬಿಟ್ಟು ಕೇಳಿದ ಹೆಂಡತಿಗೆ ಆಗುವುದಿಲ್ಲ ಅಂತ ಹೇಳುವುದು ಹೇಗೆ?

"ತಿರುಗಿಸು," ಅಂದ ಚೆಮನಿಗೆ.

"ಪೂರ್ತಿನಾ?"

"ಪೂರ್ತಿ."

ಕಳ್ಳಿ ಗಾಳಿಯಲ್ಲಿ ನಿಧಾನವಾಗಿ ಅರ್ಧ ಸುತ್ತು ಸುತ್ತಿತು. ಗಾಯ ಗಲ್ಲಿಯ ಕಡೆ ಹೋಯಿತು, ಕೆಂಪು ರಿಬ್ಬನ್ ಕಿಟಕಿಯ ಕಡೆ ಬಂತು. ಎರ್ಮಿನಿಯಾ ಒಳಗೆ ಹೋದಳು. ಮಣ್ಣು ಮುಚ್ಚಿ, ಡಬ್ಬದ ಮಣ್ಣನ್ನೂ ಅದರ ಮೇಲೆ ಸುರಿದು, ಶಿಲುಬೆ ನೆಟ್ಟ ಮೇಲೆ ಲಿಬ್ರಾದೊ ರಿಬ್ಬನ್ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಹೊಟ್ಟೆ ಸುಡುವುದನ್ನು ತಪ್ಪಿಸುವ ದಾರಿ ಒಂದಿತ್ತು. ಎರಡು ಬೇಸಿಗೆ ಆ ಮೈಗೆ ನೆರಳುಬಟ್ಟೆ ಸುತ್ತಿದರೆ ಕೆಲವು ಗಿಡ ಉಳಿಯುತ್ತವೆ. ಮೇ ತಿಂಗಳಲ್ಲಿ ಅವನು ಬೂದು ಬಟ್ಟೆ ತಂದು ಗಲ್ಲಿಯ ಕಡೆಯ ಮೈಗೆ ತಲೆಯಿಂದ ಬುಡದವರೆಗೆ ಕಟ್ಟಿದ. ಹೊಸದಾಗಿ ನೆಟ್ಟದ್ದಕ್ಕೆಲ್ಲ ಹಾಕುತ್ತೇವೆ ಅಂದ. ಎರ್ಮಿನಿಯಾ ಮೂರನೆಯ ದಿನ ತಟ್ಟೆ ಅಲ್ಲೇ ಬಿಟ್ಟು ಎದ್ದಳು.

"ಅದನ್ನ ತೆಗಿ. ಅವತ್ತು ರಸ್ತೇಲಿ ಅವಳ ಮೇಲೆ ಹೊದ್ಸಿದ್ರಲ್ಲ, ಅಂಥದೇ ಬಟ್ಟೆ ಅದು. ಇದೇ ಬಣ್ಣ."

ಲಿಬ್ರಾದೊ ಏಣಿ ಹಾಕಿ ತೆಗೆದ.

ಜೂನ್‌ನಲ್ಲಿ ಕಳ್ಳಿಯ ನೆತ್ತಿಯ ಮೇಲೆ ಹನ್ನೊಂದು ಹೂ ಬಿಟ್ಟವು. ಬಿಳಿ ಹೂ, ರಾತ್ರಿ ಅರಳಿ ಮಾರನೆಯ ಮಧ್ಯಾಹ್ನಕ್ಕೆ ಮುದುಡುವಂಥವು. ಎರ್ಮಿನಿಯಾ ನಾದಿನಿಯರಿಗೆಲ್ಲ ಫೋನ್ ಮಾಡಿದಳು, ಬಂದವರಿಗೆ ಕುರ್ಚಿ ಹಾಕಿ ತೋರಿಸಿದಳು. ಹಿತ್ತಲಿಗೆ ದನಿ ಬಂತು. ಬೆಳಿಗ್ಗೆ ಎದ್ದು ಕಿಟಕಿಯಿಂದಲೇ ಮಗಳಿಗೆ ಎರಡು ಮಾತು ಆಡುತ್ತಿದ್ದಳು, ನಿನ್ನಪ್ಪ ಇವತ್ತೂ ಕಾಲ್ಚೀಲ ಹುಡುಕ್ತಾ ಇದಾನೆ ನೋಡು ಅಂತ. ಸಕ್ಕರೆ ತಾ ಅಂದಳು. ಚಪ್ಪಲಿ ಹರಿದಿದೆ ಅಂದಳು. ಹೊಸ ಪರದೆಗೆ ಎರಡು ಅಂಗಡಿ ಸುತ್ತಿಸಿದಳು. ಲಿಬ್ರಾದೊ ಬೈದುಕೊಂಡೇ ಸುತ್ತಿದ, ಸಂತೋಷದಿಂದ ಅವನ ಎದೆ ಬಿರಿಯುತ್ತಿತ್ತು. ಆದರೆ ಆ ಹೂ ಬೇರಿನಿಂದ ಬಂದದ್ದಲ್ಲ, ಕೂಡಿಟ್ಟ ನೀರಿನಿಂದ ಬಂದದ್ದು ಅಂತ ಅವನಿಗೆ ಗೊತ್ತಿತ್ತು. ತನ್ನ ಹೆಂಡತಿ ಮರಳಿ ಬಂದದ್ದು ಸಾಯುತ್ತಿರುವ ಗಿಡವನ್ನು ನಂಬಿ ಅನ್ನುವುದು ಗೊತ್ತಿದ್ದವನು ಅವನೊಬ್ಬನೇ, ಹಾಗಂತ ಅಂದುಕೊಂಡಿದ್ದ.

ಆ ಏಳು ಸಾವಿರ ಮನೆಗಳು ಬರಲಿಲ್ಲ. ಮುಂದಿನ ವರ್ಷ ಸಾಲ ಕೊಟ್ಟ ಬ್ಯಾಂಕುಗಳೇ ಮುಗ್ಗರಿಸಿದವು, ಕಟ್ಟುವವರು ಅರ್ಧಕ್ಕೆ ಬಿಟ್ಟು ಓಡಿದರು. ಬೆಟ್ಟದ ಬುಡದವರೆಗೆ ಸಮತಟ್ಟು ಮಾಡಿದ ಬೋಳು ನೆಲ, ಅದರ ಮೇಲೆ ಬೀದಿದೀಪ, ಬೀದಿಯ ಹೆಸರಿನ ಕಂಬ, ಮನೆ ಮಾತ್ರ ಇಲ್ಲ. ನಾಲ್ಕು ಪಥದ ರಸ್ತೆ ಖಾಲಿ ಬಿದ್ದಿತ್ತು. ಒಂದು ಮಧ್ಯಾಹ್ನ ಲಿಬ್ರಾದೊ ಅಲ್ಲಿ ಗಾಡಿ ನಿಲ್ಲಿಸಿ ಮಗಳ ಜಾಗ ಹುಡುಕಿದ. ಹಳ್ಳವನ್ನು ಕೊಳವೆಯೊಳಗೆ ಹುಗಿದಿದ್ದರು. ಹಳೆಯ ತಿರುವನ್ನು ನೇರ ಮಾಡಿದ್ದರು. ಇಲ್ಲಿರಬಹುದೇ, ಅಲ್ಲಿರಬಹುದೇ ಅಂತ ಬಿಸಿಲಲ್ಲಿ ಒಂದು ಗಂಟೆ ಹಿಂದೆ ಮುಂದೆ ನಡೆದ. ಸಿಗಲಿಲ್ಲ. ಅವಳು ಹೊರಟ ಜಾಗ ಭೂಮಿಯ ಮೇಲೆ ಎಲ್ಲೂ ಉಳಿದಿರಲಿಲ್ಲ, ಅವರ ಹಿತ್ತಲೊಂದನ್ನು ಬಿಟ್ಟು. ಅವನು ಗಾಡಿಯ ನೆರಳಲ್ಲಿ ಕೂತು ದನಿ ತೆಗೆದು ಅತ್ತ.

ಮೂರನೆಯ ವರ್ಷ ಗಲ್ಲಿಯ ಕಡೆಯ ಮೈ ಹಳದಿಗೆ ತಿರುಗಿತು. ನಾಲ್ಕನೆಯ ವರ್ಷ ಒಣಹುಲ್ಲಿನ ಬಣ್ಣ. ಕಿಟಕಿಯ ಕಡೆ ಮಾತ್ರ ಹಸಿರೇ ಹಸಿರು. ದಿನಾ ಸಂಜೆ ಕಸ ಹಾಕುವ ನೆಪದಲ್ಲಿ ಲಿಬ್ರಾದೊ ಗಲ್ಲಿಗೆ ಹೋಗಿ ಮೋಟುಗೋಡೆಯ ಮೇಲಿಂದ ಸುಟ್ಟ ಮೈ ನೋಡಿ ಬರುತ್ತಿದ್ದ. ಎರ್ಮಿನಿಯಾ ಆ ಕಡೆ ಹೋಗುವುದಿಲ್ಲ ಅಂತ ಅವನ ಧೈರ್ಯ, ಅಲ್ಲಿ ಗಾಯವಿತ್ತಲ್ಲ.

"ಹೇಳ್ಬಿಡು ಕೊಂಪಾದ್ರೆ," ಅಂದ ಚೆಮ. "ಬಿದ್ದ ದಿನ ನೋಡೋದಕ್ಕಿಂತ ಮುಂಚೆ ತಿಳಿದಿದ್ರೆ ವಾಸಿ."

"ಏನಂತ ಹೇಳ್ಲಿ? ನೀನು ತಿರುಗಿಸು ಅಂದೆ, ಅದಕ್ಕೇ ಸತ್ತಿತು ಅಂತಲಾ?"

"ನಿಂದೂ ತಪ್ಪಿದೆ ಅಂತ ಹೇಳು."

"ನಂದೇ ತಪ್ಪು. ಅದನ್ನ ಹೇಳಿದ್ರೂ ಅವಳು ತನ್ನ ತಲೆ ಮೇಲೇ ಹಾಕ್ಕೋತಾಳೆ. ಮಗಳನ್ನ ಎರಡನೇ ಸಲ ಕಳ್ಕೋತಾಳೆ, ಈ ಸಲ ತನ್ನ ಕೈಯಾರೆ. ನನ್ನಿಂದ ಆಗಲ್ಲ."

ಚೆಮ ಮುಖ ಒರೆಸಿಕೊಂಡ. "ಅವತ್ತು ನಾನೇ ಯಂತ್ರ ಕೆಟ್ಟಿದೆ ಅನ್ಬೇಕಿತ್ತು," ಅಂದ. ಅದನ್ನು ಅವನು ವರ್ಷಗಟ್ಟಲೆ ಹೇಳುತ್ತಲೇ ಇದ್ದ.

ಆರನೆಯ ವರ್ಷದ ಜುಲೈನಲ್ಲಿ ಮಳೆಗಾಲದ ಮೊದಲ ಬಿರುಗಾಳಿ ಬೀಸಿತು. ಬೆಳಿಗ್ಗೆ ನೋಡಿದರೆ ಬುಡದಿಂದ ಕಪ್ಪು ನೀರು ಸೋರುತ್ತಿತ್ತು, ನೊಣ ಮುತ್ತಿದ್ದವು. ಗಿಡ ಒಂದು ಗೇಣು ಗಲ್ಲಿಯ ಕಡೆ ವಾಲಿತ್ತು. ಅಲ್ಲಿ ಪಕ್ಕದ ಮನೆಯ ಮಕ್ಕಳು ಸೈಕಲ್ ತುಳಿಯುತ್ತಾರೆ. ಇನ್ನು ಕಡಿಯದೆ ದಾರಿಯಿಲ್ಲ, ಹೇಳದೆಯೂ ದಾರಿಯಿಲ್ಲ. ಲಿಬ್ರಾದೊ ಚೆಮನಿಗೆ ಫೋನ್ ಮಾಡಿ ಬರಹೇಳಿ, ಕೈ ತೊಳೆದುಕೊಂಡು ಅಡುಗೆಮನೆಗೆ ಹೋದ. ಹೇಗೆ ಶುರು ಮಾಡುವುದು ಅಂತ ನಲ್ಲಿಯ ಹತ್ತಿರ ನಾಲ್ಕು ಸಲ ಬಾಯಿಪಾಠ ಮಾಡಿದ್ದ.

ಎರ್ಮಿನಿಯಾ ಮೇಜಿನ ಮುಂದೆ ಕೂತು ರಿಬ್ಬನ್ ಕತ್ತರಿಸುತ್ತಿದ್ದಳು. ಮತ್ತೆ ಮನೆ ಕಟ್ಟುವ ಕೆಲಸ ಚಿಗುರಿತ್ತು, ಆ ಬೋಳು ನೆಲದಾಚೆ ಇನ್ನೊಂದು ಬಡಾವಣೆ.

"ಮುದುಕಿ, ಒಂದು ಮಾತು."

"ಬಿದ್ದೋಗುತ್ತಾ?" ಅಂದಳು ತಲೆ ಎತ್ತದೆ.

"ನಿಂಗೆ ಗೊತ್ತಾ?"

"ಹಳದಿ ಆದಾಗಿಂದ ಗೊತ್ತು. ನೀನು ಸಂಜೆ ಗಲ್ಲಿಗೆ ಹೋಗ್ತೀಯ, ನೀನು ಕೆಲಸಕ್ಕೆ ಹೋದ್ಮೇಲೆ ನಾನು ಹೋಗ್ತೀನಿ."

"ಮೂರು ವರ್ಷದಿಂದ?"

"ಅದಕ್ಕೂ ಮುಂಚೆ ಗೊತ್ತು. ಈ ರಿಬ್ಬನ್ ಯಾವ ಕಡೆ ಕಟ್ತೀಯ, ಯಾಕೆ ಕಟ್ತೀಯ ಅಂತ ಮೂವತ್ತಾರು ವರ್ಷದಿಂದ ಕತ್ತರಿಸೋಳಿಗೆ ಗೊತ್ತಿರಲ್ವಾ? ಅವತ್ತು ಬಿಚ್ಚಿ ಜೇಬಿಗೆ ಹಾಕ್ಕೊಂಡೆಯಲ್ಲ, ಆ ಅಂಗಿ ಒಗೆದಿದ್ದೂ ನಾನೇ."

ಲಿಬ್ರಾದೊ ಕುರ್ಚಿ ಎಳೆದುಕೊಂಡು ಕೂತ.

"ಮತ್ತೆ ಯಾಕೆ ತಿರುಗಿಸು ಅಂದೆ?"

"ಆ ಗಾಯ ನೋಡಿ ಬಾಯಿಗೆ ಬಂದ್ಬಿಡ್ತು. ಅಂದ ತಕ್ಷಣ ಅಯ್ಯೋ ಅನ್ನಿಸ್ತು. ನೀನು ಆಗಲ್ಲ ಅಂತೀಯ ಅಂದ್ಕೊಂಡೆ." ಕತ್ತರಿ ಕೆಳಗಿಟ್ಟಳು. "ಯಾರಿಗೂ ಬಗ್ಗದೋನು ನೀನು. ಮೂರು ತಿಂಗಳು ಉಪವಾಸ ಹಾಕಿದೋನು, ಒಂದು ಕಳ್ಳಿ ತಿರುಗಿಸಲ್ಲ ಅಂತ. ನಂಗೂ ಬೈತೀಯ, ಮುದುಕಿ ಒಳಗೆ ಹೋಗು ಅಂತೀಯ, ಅಂತ ಕಾಯ್ತಾ ನಿಂತಿದ್ದೆ. ನೀನು ಚೆಮನ ಕಡೆ ತಿರುಗಿ ಹೂಂ ಅಂದ್ಬಿಟ್ಟೆ."

"ನೀನು ನಾಲ್ಕು ವರ್ಷ ಏನೂ ಕೇಳಿರ್ಲಿಲ್ಲ," ಅಂದ ಲಿಬ್ರಾದೊ. "ಹೇಗೆ ಇಲ್ಲ ಅನ್ಲಿ?"

"ಬೇಡ ಅಂತ ಆಮೇಲಾದ್ರೂ ನಾನು ಹೇಳ್ಬೇಕಿತ್ತು. ಬಟ್ಟೆ ತೆಗಿ ಅಂದಾಗ್ಲೂ ನೀನು ತೆಗೆದೆ. ಇವನು ನಂಗೋಸ್ಕರ ತನ್ನ ದೇವರನ್ನೇ ಬಿಟ್ಟ, ಈಗ ಹೇಳಿದ್ರೆ ಒಡೆದೋಗ್ತಾನೆ ಅಂತ ಸುಮ್ಮನಾದೆ. ಸಕ್ಕರೆ ಕೇಳಿದೆ, ಪರದೆ ಕೇಳಿದೆ. ನೀನು ಖುಷಿಯಾಗಿದ್ದೆಯಲ್ಲ."

ಮೂರು ವರ್ಷ ಒಬ್ಬರಿಗೊಬ್ಬರು ಕಾಣದ ಹಾಗೆ ಅದೇ ಗಲ್ಲಿಗೆ ಹೋಗಿ ಬಂದಿದ್ದರು. ಲಿಬ್ರಾದೊ ಮೇಜಿನ ಮೇಲೆ ತಲೆಯಿಟ್ಟ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಗೇಟಿನಲ್ಲಿ ಚೆಮನ ಗಾಡಿ ನಿಂತದ್ದು ಕೇಳಿಸಿದರೂ ಇಬ್ಬರೂ ಏಳಲಿಲ್ಲ. ಚೆಮ ಬಾಗಿಲವರೆಗೆ ಬಂದು, ನೋಡಿ, ಹೊರಗೆ ಹೋಗಿ ಹಗ್ಗ ಬಿಚ್ಚುತ್ತ ನಿಂತ.

ಕಡಿಯುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಒಳಗೆ ತಿರುಳೇ ಉಳಿದಿರಲಿಲ್ಲ. ಮಲಗಿಸುತ್ತಿದ್ದ ಹಾಗೆ ಮೈಯೆಲ್ಲ ಕಪ್ಪು ಕೆಸರಾಗಿ ಕಳಚಿತು, ಒಣಗಿದ ಕಡ್ಡಿಗಳಂಥ ಎಲುಬುಗಳಷ್ಟೇ ಉಳಿದವು. ನಾತಕ್ಕೆ ಚೆಮ ಮೂಗಿಗೆ ಬಟ್ಟೆ ಕಟ್ಟಿಕೊಂಡ. ಎರ್ಮಿನಿಯಾ ಕಟ್ಟಿಕೊಳ್ಳಲಿಲ್ಲ. ಅವಳು ಕೆಸರಿನ ಮುಂದೆ ಮಂಡಿಯೂರಿ ಎರಡೂ ಕೈ ಒಳಗಿಟ್ಟು ಹುಡುಕತೊಡಗಿದಳು.

"ಏನೇ ಅದು, ಬಿಡು," ಅಂದ ಲಿಬ್ರಾದೊ.

ಅವಳು ಎತ್ತಿದಳು. ಗಾಯದ ದಡ್ಡು. ಸುತ್ತಲಿನದೆಲ್ಲ ಕರಗಿ ಹೋಗಿತ್ತು, ಅದೊಂದು ಕೊಳೆತಿರಲಿಲ್ಲ, ಬಿರುಕೂ ಬಿಟ್ಟಿರಲಿಲ್ಲ. ಎರಡು ಅಂಗೈ ಅಗಲದ ಕಂದು ತಟ್ಟೆ. ಸಗ್ವಾರೊದಲ್ಲಿ ಕೊನೆಗೆ ಉಳಿಯುವುದು ದಡ್ಡೇ ಅನ್ನುವುದು ಲಿಬ್ರಾದೊಗೆ ಗೊತ್ತಿದ್ದ ವಿಷಯವೇ, ಎಷ್ಟೋ ಸತ್ತ ಗಿಡಗಳ ಬುಡದಲ್ಲಿ ಕಂಡಿದ್ದ. ಇದರ ಬಗ್ಗೆ ಮಾತ್ರ ಅವನಿಗೆ ನೆನಪಾಗಿರಲಿಲ್ಲ.

ಎರ್ಮಿನಿಯಾ ಅದನ್ನು ನಲ್ಲಿಯ ಕೆಳಗೆ ಹಿಡಿದು, ಬೆರಳಿನಲ್ಲಿ ಉಜ್ಜಿ ಉಜ್ಜಿ ತೊಳೆದಳು. ಒಂದು ಕಡೆ ಬಿಳಿ ಬಣ್ಣದ ಗೀರಿತ್ತು, ಕಾರಿನದು. ಅದನ್ನು ಮಾತ್ರ ಉಜ್ಜಲಿಲ್ಲ. ಮಡಿಲಲ್ಲಿ ಒರೆಸಿಕೊಂಡು ಅಡುಗೆಮನೆಗೆ ಒಯ್ದಳು. ಲಿಬ್ರಾದೊ ಹಿಂದೆಯೇ ಹೋದ. ಕಿಟಕಿಯ ಕಟ್ಟೆಯ ಮೇಲಿದ್ದ ಉಪ್ಪಿನ ಡಬ್ಬವನ್ನು ಅವಳು ಸರಿಸಿದಳು.

"ಕೊಡು, ನಾನು ನಿಲ್ಲಿಸ್ತೀನಿ," ಅಂದ. ಕೈಗೆ ತಗೊಂಡ ಮೇಲೆ ಅಭ್ಯಾಸಬಲದಿಂದ ಕೇಳಿದ. "ಯಾವ ಕಡೆ ಮುಖ ಮಾಡ್ಲಿ?"

ಅವಳು ಒಲೆಯ ಮುಂದೆ, ತನ್ನ ದಿನದ ಜಾಗದಲ್ಲಿ ಹೋಗಿ ನಿಂತಳು.

"ಈ ಕಡೆ," ಅಂದಳು.

ಅವನು ದಡ್ಡನ್ನು ಅವಳ ಕಡೆಗೆ ತಿರುಗಿಸಿ ಇಟ್ಟ. ಹಿತ್ತಲಲ್ಲಿ ಏನೂ ಇರಲಿಲ್ಲವಾಗಿ ಕಿಟಕಿಯಲ್ಲಿ ಬಿಸಿಲು ನೇರ ಒಳಕ್ಕೆ ಬರುತ್ತಿತ್ತು. ಎರ್ಮಿನಿಯಾ ಒಲೆ ಹಚ್ಚಿ, ಕಣ್ಣು ತೆಗೆಯದೆ ಅದನ್ನೇ ನೋಡುತ್ತ, ಹಿಟ್ಟಿಗೆ ಕೈ ಹಾಕಿದಳು.